ಮೇಜಿನ ಅಂಚಿನ ಸಂದು

ಜೂನ್ ೧೪, ಭಾನುವಾರ

ಮೇಜು ಸಿಡಿಯಿತು. ಬರೆಯುವುದಕ್ಕೇ ಕೈ ಬರುತ್ತಿಲ್ಲ. ಮೇಜಿನ ಕಾಲು ಅಲ್ಲಾಡುವುದುಂಟು, ಪಾಲಿಶ್ ಎದ್ದು ಬರುವುದುಂಟು, ಹಲಗೆ ಸೊಟ್ಟಗಾಗುವುದುಂಟು. ಪಟಾಕಿಯ ಹಾಗೆ ಢಂ ಎಂದು ಸಿಡಿಯುವ ಮೇಜನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ, ಕೇಳಿಲ್ಲ. ಅದೂ ನಾನೇ ನಕ್ಷೆ ಬರೆದ ಮೇಜು!

ಮಧ್ಯಾಹ್ನ ನಾವೆಲ್ಲ ಕೈ ತೊಳೆದು ಊಟಕ್ಕೆ ಕೂರುವ ಹೊತ್ತಿಗೆ ಹಲ್ಲಿನ ಡಾಕ್ಟರಮ್ಮನ ಮನೆಯಿಂದ ಫೋನು. ಅವರ ಯಜಮಾನರು ಕಿರುಚುತ್ತಿದ್ದರು. "ನಿಮ್ಮ ಮೇಜು ಸಿಡೀತು ಕಣ್ರೀ! ಇವಳ ಕೈಯೆಲ್ಲ ರಕ್ತ!" ನಾನು ಬೆಪ್ಪಾಗಿ "ಯಾವ ಮೇಜು?" ಎಂದು ಕೇಳಿದೆ. ಎಂಥ ಪ್ರಶ್ನೆ!

ನಾನು, ನನ್ನ ಗಂಡ, ಅಪ್ಪ ಮೂವರೂ ಓಡಿದೆವು. ಊಟದ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಲ್ಲುಸಕ್ಕರೆ ಚೆಲ್ಲಿದ ಹಾಗೆ ಗಾಜಿನ ಚೂರು. ತಟ್ಟೆಯಲ್ಲಿ, ಅನ್ನದಲ್ಲಿ, ಕುರ್ಚಿಯ ಸಂದಿನಲ್ಲಿ, ಅವರ ಅತ್ತೆಯ ತಲೆಗೂದಲಲ್ಲಿ. ಡಾಕ್ಟರಮ್ಮನನ್ನು ಹೊಲಿಗೆ ಹಾಕಿಸಲು ಆಸ್ಪತ್ರೆಗೆ ಕರೆದೊಯ್ದಿದ್ದರು. ಬೀಳುತ್ತಿದ್ದ ಪಾತ್ರೆಯನ್ನು ಹಿಡಿಯಲು ಹೋಗಿ ಅಂಗೈ ಸೀಳಿಕೊಂಡರಂತೆ. ಬಲಗೈ. ಹಲ್ಲಿನ ಡಾಕ್ಟರಿಗೆ ಬಲಗೈ!

ಎಷ್ಟು ಆಸೆಪಟ್ಟು ಮಾಡಿದ ಮೇಜು ಅದು. ಎರಡು ಕಡೆ ದಪ್ಪ ತೇಗದ ಹಲಗೆ, ಅದರ ಅಂಚಿಗೆ ಅಪ್ಪ ಕೆತ್ತಿದ ಬಳ್ಳಿ, ನಡುವೆ ಗೇಣಗಲದ ಗಾಜು, ಇಡೀ ಮೇಜಿನ ಸುತ್ತ ಸಣ್ಣನೆಯ ಕಪ್ಪು ಕಬ್ಬಿಣದ ಚೌಕಟ್ಟು, ಕೆಳಗೆ ನಾಲ್ಕು ಕಬ್ಬಿಣದ ಕಾಲು. ಮರ ಅಪ್ಪನದು, ಕಬ್ಬಿಣ ಗಂಡನದು, ನಕ್ಷೆ ನನ್ನದು. "ಆನೆ ಮೈಗೆ ಕೊಕ್ಕರೆ ಕಾಲು ಜೋಡಿಸ್ತಿದೀಯ ಮಗಾ" ಎಂದು ಅಪ್ಪ ಬೇಸಿಗೆಯಿಡೀ ನಕ್ಕಿದ್ದರು. ನಕ್ಕರೂ ಕೆತ್ತಿಕೊಟ್ಟಿದ್ದರು. ಹಳೆಯದೂ ಹೊಸದೂ ಒಂದೇ ಮೇಜಿನಲ್ಲಿ ಜಗಳವಾಡದೆ ಕೂತಿವೆ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ಹೇಗೆ ಒಡೆಯಿತು? ಗಾಜು ಸುಮ್ಮನೆ ಒಡೆಯುವುದಿಲ್ಲ.

ಜೂನ್ ೧೫, ಸೋಮವಾರ

ಮತ್ತೆ ಮೂವರೂ ಹೋದೆವು. ಡಾಕ್ಟರಮ್ಮ ಸೋಫಾದಲ್ಲಿ ಕೈಗೆ ದಿಂಬಿನಷ್ಟು ದಪ್ಪ ಬ್ಯಾಂಡೇಜು ಸುತ್ತಿಕೊಂಡು ಕೂತಿದ್ದರು. ಅಳುತ್ತಾರೆ ಎಂದುಕೊಂಡಿದ್ದೆ. ಅವರೆಲ್ಲಿ ಅಳುತ್ತಾರೆ! "ನೋಡಮ್ಮ, ನನಗೆ ಸಮಾಧಾನ ಗಿಮಾಧಾನ ಬೇಡ. ಯಾರ ತಪ್ಪು? ಅದು ಹೇಳು" ಎಂದರು.

ನಾನು ರಾತ್ರಿಯೆಲ್ಲ ಲೆಕ್ಕ ಹಾಕಿದ್ದೆ. ಎರಡು ಕಡೆಯಿಂದ ಒತ್ತಿದರೆ ಮಾತ್ರ ಅಂಥ ಗಾಜು ಹಾಗೆ ಸಿಡಿಯುತ್ತದೆ. ಮಳೆ ಹಿಡಿದ ಮೇಲೆ ಮರ ತೇವ ಕುಡಿದು ಹಿಗ್ಗುತ್ತದೆ, ಕಬ್ಬಿಣ ಹಿಗ್ಗುವುದಿಲ್ಲ. ಅದಕ್ಕೇ ಮರಕ್ಕೂ ಚೌಕಟ್ಟಿಗೂ ನಡುವೆ ನಾಣ್ಯ ನಿಲ್ಲಿಸುವಷ್ಟು ಸಂದು ಬಿಡಬೇಕು ಎಂದು ನಕ್ಷೆಯಲ್ಲಿ ಕೆಂಪು ಗೆರೆ ಹಾಕಿ ತೋರಿಸಿದ್ದೆ. ಆ ಸಂದಿನಲ್ಲಿ ಬೀಳುವ ನೆರಳೇ ಈ ಮೇಜಿನ ಅಂದ ಎಂದೂ ಹೇಳಿದ್ದೆ. ಸಂದು ಇದ್ದಿದ್ದರೆ ಹಿಗ್ಗಿದ ಮರ ಅತ್ತ ಸರಿಯುತ್ತಿತ್ತು. ಇರಲಿಲ್ಲ, ಇತ್ತ ತಿರುಗಿ ಗಾಜನ್ನು ಒತ್ತಿತು. ಚೌಕಟ್ಟು ಗಿಡ್ಡವಾಗಿದೆ. ಬೇರೆ ಇನ್ನೇನಿರಲು ಸಾಧ್ಯ?

"ಕಬ್ಬಿಣದ ಅಳತೆ ತಪ್ಪಿದೆ ಡಾಕ್ಟರೇ" ಎಂದೆ.

ನನ್ನ ಗಂಡ ಅಲ್ಲೇ ನಿಂತಿದ್ದರು. "ನನ್ನ ಅಳತೆ ತಪ್ಪಿಲ್ಲ" ಎಂದರು, ಮೆಲ್ಲಗೆ.

ನನಗೆ ಎಲ್ಲಿತ್ತೋ ಸಿಟ್ಟು. "ಹಾಗಾದ್ರೆ ಅಪ್ಪನ ಮರದ್ದು ತಪ್ಪಾ? ಅಪ್ಪನ ಮರ ಯಾವತ್ತಾದ್ರೂ ಕೈ ಕೊಟ್ಟಿದೆಯಾ?"

ಇವರು ಅಪ್ಪನ ಮುಖ ನೋಡಿದರು. ಅಪ್ಪ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸುತ್ತಿದ್ದರು.

ಸಂಜೆ ಇವರು ನಮ್ಮ ಮೇಜು-ಕುರ್ಚಿಯ ಅಂಗಡಿಯ ಹಿತ್ತಿಲಿನಿಂದ ವೆಲ್ಡಿಂಗ್ ಯಂತ್ರ ಬಿಚ್ಚಿ ಗಾಡಿಗೆ ಏರಿಸಿದರು. ಗೆಳೆಯನ ಗ್ಯಾರೇಜಿನ ಹಿಂದೆ ಒಂದು ಶೆಡ್ಡು ಖಾಲಿ ಇದೆಯಂತೆ. "ಅಲ್ಲೇ ಇರ್ತೀನಿ, ಸ್ವಲ್ಪ ದಿನ" ಎಂದರು. ಎಷ್ಟು ದಿನ ಎಂದು ನಾನು ಕೇಳಲಿಲ್ಲ. ಹೋಗುವವರನ್ನು ಕಾಲು ಹಿಡಿದು ನಿಲ್ಲಿಸುವ ಜಾಯಮಾನ ನನ್ನದಲ್ಲ. ತಪ್ಪು ಮಾಡಿದವರು ಮುನಿಸಿಕೊಳ್ಳುವುದು ಯಾವ ನ್ಯಾಯ?

ಜೂನ್ ೧೮, ಗುರುವಾರ

ಅಮ್ಮ ಬೆಳಿಗ್ಗೆ ಮರೆತು ಇವರಿಗೂ ಚಹಾ ಬೆರೆಸಿದಳು. ಆ ಲೋಟ ಮಧ್ಯಾಹ್ನದವರೆಗೂ ಕಟ್ಟೆಯ ಮೇಲೆ ಕೆನೆಗಟ್ಟಿಕೊಂಡು ಕೂತಿತ್ತು. "ಫೋನಾದ್ರೂ ಮಾಡೇ" ಎಂದಳು. "ಅವರಿಗೂ ಫೋನಿದೆ" ಎಂದೆ. "ನಿನ್ನ ನಾಲಿಗೆ ಇರೋವಾಗ ಅಂಗಡಿಗೆ ಉಳಿ ಬೇಕಾಗಿಲ್ಲ ಬಿಡು" ಎಂದು ಮೂಗು ಮುರಿದು ಒಳಗೆ ಹೋದಳು.

ಜೂನ್ ೨೨, ಸೋಮವಾರ

ಸುದ್ದಿ ಊರೆಲ್ಲ ಹರಡಿದೆ. ಡಾಕ್ಟರಮ್ಮನ ಕುರ್ಚಿಯಲ್ಲಿ ಬಾಯಿ ತೆರೆದು ಕೂತವರಿಗೆಲ್ಲ ಅವರು ಇದನ್ನೇ ಹೇಳುತ್ತಿದ್ದಾರಂತೆ. ಬಾಯಿ ತೆರೆದವರು ತಿರುಗಿ ಮಾತಾಡುವ ಹಾಗೂ ಇಲ್ಲ! ಚಿಕಿತ್ಸೆ ಮಾಡುವುದು ಸಹಾಯಕ ಡಾಕ್ಟರು, ಪಕ್ಕದಲ್ಲಿ ನಿಂತು ಬೈಯುವುದು ಡಾಕ್ಟರಮ್ಮ.

ಕಬ್ಬಿಣದ ಕಾಲಿನ ಮಂಚ ಹೇಳಿದ್ದವರು ಬೇಡ ಅಂದರು. ಕಬ್ಬಿಣದ ಬೆನ್ನು, ಬೆತ್ತದ ಸೀಟಿನ ಕುರ್ಚಿಗಳನ್ನು ಹೇಳಿದ್ದವರೂ ಬೇಡ ಅಂದರು. "ನಿಮ್ಮ ತಂದೆಯವರ ಕೈಯದ್ದೇ ಪೂರ್ತಿ ಮರದ್ದು ಮಾಡಿಕೊಡಿ, ಆ ವೆಲ್ಡಿಂಗ್‌ನವನ ಸಹವಾಸ ಬೇಡ" ಎಂದರು. ಆ ವೆಲ್ಡಿಂಗ್‌ನವನು! ಅವರ ಬಾಯಿಂದ ಆ ಮಾತು ಕೇಳಿದಾಗ ಚುರ್ ಎಂದಿತು. ಆದರೆ ನಾನೇ ಹೇಳಿಕೊಟ್ಟ ಮಾತು, ಏನು ಮಾಡಲಿ.

ಅಪ್ಪ ಲವಲವಿಕೆಯಿಂದ ಇದ್ದಾರೆ. ಹಳೆಯ ಮಾದರಿಯ ದೊಡ್ಡ ಪೆಟ್ಟಿಗೆಗೆ ಹಲಗೆ ಆರಿಸುತ್ತಿದ್ದಾರೆ. "ನಕ್ಷೆ ಗಿಕ್ಷೆ ಬೇಡ ಮಗಾ, ಇದು ನನ್ನ ಕೈಯಲ್ಲೇ ಇದೆ" ಎಂದರು. ನಾನು ಕುಂಚ ಹಿಡಿದು ಪಾಲಿಶ್ ಹಚ್ಚಿದೆ. ಅಪ್ಪ ಹೇಳಿದ ಕಡೆ ಹಚ್ಚಿದೆ, ಅಪ್ಪ ಸಾಕು ಅಂದಾಗ ನಿಲ್ಲಿಸಿದೆ. ಎಷ್ಟೋ ವರ್ಷಗಳ ಮೇಲೆ ತಲೆ ಖಾಲಿಯಾಗಿ ಹಗುರವಾಗಿದೆ.

ಜೂನ್ ೨೬, ಶುಕ್ರವಾರ

ಒಡೆದ ಮೇಜನ್ನು ಅಂಗಡಿಯ ಮೂಲೆಯಲ್ಲಿ ಹಳೇ ಬೆಡ್‌ಶೀಟು ಮುಚ್ಚಿ ನಿಲ್ಲಿಸಿದ್ದೆವು. ಹೆಣ ಮುಚ್ಚಿಟ್ಟ ಹಾಗೆ ಯಾರೂ ಆ ಕಡೆ ನೋಡುತ್ತಿರಲಿಲ್ಲ. ಇವತ್ತು ಅಪ್ಪ ಮರದ ಮಂಡಿಗೆ ಹೋಗಿದ್ದರು. ಡಾಕ್ಟರಮ್ಮನಿಗೆ ಹೊಸ ಮೇಜು ಕೊಡಲೇಬೇಕಲ್ಲ, ಹಳೆಯ ಚೌಕಟ್ಟು ಎಷ್ಟು ಗಿಡ್ಡವಾಗಿದೆ ಎಂದು ಅಳೆದು ಬಿಡೋಣ, ಇವರು ವಾಪಸು ಬಂದಾಗ ಮುಖದ ಮುಂದೆ ಹಿಡಿಯೋಣ ಎಂದು ಟೇಪು ತೆಗೆದುಕೊಂಡೆ.

ಚೌಕಟ್ಟು ಗಿಡ್ಡವಿಲ್ಲ. ನಕ್ಷೆಯಲ್ಲಿ ಎಷ್ಟಿದೆಯೋ ಅಷ್ಟೇ ಇದೆ. ಒಂದು ಕೂದಲೆಳೆ ಆಚೀಚೆ ಇಲ್ಲ.

ಮತ್ತೆ ಅಳೆದೆ. ಟೇಪೇ ಸರಿಯಿಲ್ಲವೇನೋ ಎಂದು ಬೇರೆ ಟೇಪು ತಂದು ಅಳೆದೆ. ಅಷ್ಟೇ.

ಹಾಗಾದರೆ ಸಂದು ಎಲ್ಲಿ ಹೋಯಿತು? ಬ್ಲೇಡು ತಂದು ಮರಕ್ಕೂ ಕಬ್ಬಿಣಕ್ಕೂ ನಡುವೆ ತೂರಿಸಲು ನೋಡಿದೆ, ಹೋಗಲಿಲ್ಲ. ಮರವೇ ಅಷ್ಟು ಹಿಗ್ಗಿತೆ? ಇಷ್ಟು ಹಿಗ್ಗಬೇಕಾದರೆ ಮರ ಹಸಿಯಿರಬೇಕು, ಅಪ್ಪ ಹಸಿಮರ ಮುಟ್ಟುವವರಲ್ಲ. ಬಾಗಿಲ ಹತ್ತಿರ ಎಳೆದು ತಂದು ಬೆಳಕಿಗೆ ಹಿಡಿದೆ. ಹಲಗೆಯ ಕೊನೆಯಲ್ಲಿ ಮರದ ಉಂಗುರದ ಗೆರೆಗಳು ಬಿಲ್ಲಿನ ಹಾಗೆ ಬಾಗಿ ಬರುತ್ತವೆ. ಅಂಚಿನ ಹತ್ತಿರ ಬಂದು ಗಕ್ಕನೆ ನಿಂತಿದ್ದವು. ಅಲ್ಲಿಂದಾಚೆ ಇನ್ನೊಂದು ಮರ. ಉಗುರಿನಷ್ಟು ಸಣ್ಣ ಪಟ್ಟಿ.

ಯಾರೋ ಅದೇ ತೇಗದ ತುಂಡಿನಿಂದ ತೆಳ್ಳನೆಯ ಪಟ್ಟಿ ಸೀಳಿ, ಅಂಟು ಬಳಿದು, ಸಂದಿಗೆ ಬಡಿದು ಕೂರಿಸಿದ್ದಾರೆ. ಮೇಲ್ಗಡೆ ಒಂದು ಗೆರೆಯೂ ಕಾಣದ ಹಾಗೆ. ಬಣ್ಣಕ್ಕೆ ಬಣ್ಣ, ಎಳೆಗೆ ಎಳೆ. ಎರಡು ಕಡೆಯೂ, ಉದ್ದಕ್ಕೂ.

ಯಾರೋ ಅಂತ ಯಾಕೆ ಬರೆಯುತ್ತಿದ್ದೇನೆ. ಇಷ್ಟು ಚೆನ್ನಾಗಿ ಮಾಡುವ ಕೈ ಈ ಊರಿನಲ್ಲಿ ಒಂದೇ ಇರುವುದು.

ಜೂನ್ ೨೭, ಶನಿವಾರ

ಅಪ್ಪ ಊಟಕ್ಕೆ ಕರೆದರು. ಹೊಟ್ಟೆನೋವು ಎಂದೆ.

ಜೂನ್ ೨೮, ಭಾನುವಾರ

ಕೇಳಿಯೇ ಬಿಟ್ಟೆ. ಅಪ್ಪ ಪೆಟ್ಟಿಗೆಯ ಮುಚ್ಚಳಕ್ಕೆ ಉಜ್ಜುಕಾಗದ ಹಾಕುತ್ತಿದ್ದರು. ಬೆಡ್‌ಶೀಟು ತೆಗೆದು, ಮೇಜಿನ ಅಂಚು ತೋರಿಸಿ, "ಇದೇನಪ್ಪಾ?" ಎಂದೆ. ಗದರಬೇಕು ಎಂದುಕೊಂಡಿದ್ದೆ. ಗಂಟಲಿನಿಂದ ಹೊರಟಿದ್ದು ಒಂದು ಕೀರಲು ದನಿ.

ಅಪ್ಪ ಉಜ್ಜುವುದನ್ನು ನಿಲ್ಲಿಸಲಿಲ್ಲ. "ಸಂದು ಬಿಟ್ಟಿದ್ಯಲ್ಲ, ಮುಚ್ಚಿದೆ" ಎಂದರು.

"ಬೇಕು ಅಂತಲೇ ಬಿಟ್ಟಿದ್ದೆ! ನಕ್ಷೆಯಲ್ಲಿ ಕೆಂಪು ಗೆರೆ ಹಾಕಿದ್ನಲ್ಲ!"

"ನಿನ್ನ ನಕ್ಷೆ ನಾನು ಯಾವತ್ತು ನೋಡಿದೀನಿ ಮಗಾ? ನೀನು ಜ್ವರ ಬಂದು ಮಲಗಿದ್ದೆ. ಪಾಲಿಶ್ ಹಾಕುವಾಗ ಕಣ್ಣಿಗೆ ಬಿತ್ತು. ಸುತ್ತಲೂ ಬಾಯಿ ಬಿಟ್ಕೊಂಡು ಇತ್ತು. ನಮ್ಮ ಕೆಲಸದಲ್ಲಿ ಸಂದು ಕಂಡ್ರೆ ಜನ ಉಗೀತಾರೆ. ನನ್ನ ಮಗಳ ಕೆಲಸ ನೋಡಿ ಯಾರೂ ನಗಬಾರದು ಅಂತ ಮಾಡಿದೆ. ನೀನು ಏಳೋ ಹೊತ್ತಿಗೆ ಮೇಜು ಡಾಕ್ಟರಮ್ಮನ ಮನೆ ಸೇರಿತ್ತು."

"ಮರ ಹಿಗ್ಗುತ್ತೆ ಅಂತ ನಿಮಗೆ ಗೊತ್ತಿರಲಿಲ್ವಾ?"

"ಮರಕ್ಕೆ ಮರ ಕೊಟ್ಟರೆ ಎರಡೂ ಕೂಡಿ ಹಿಗ್ಗುತ್ತೆ, ಕೂಡಿ ಕುಗ್ಗುತ್ತೆ. ಕಬ್ಬಿಣದ ಜೊತೆ ನಾನು ಎಲ್ಲಿ ಸಂಸಾರ ಮಾಡಿದ್ದೆ?"

ಅಲ್ಲಿಯವರೆಗೆ ನನಗೆ ಅಷ್ಟು ಸಿಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ ಅಳು ಬಂದಿತ್ತು. ಜ್ವರದಲ್ಲಿ ಮಲಗಿದ ಮಗಳಿಗೆ ಅವಮಾನ ಆಗಬಾರದೆಂದು ಮುದುಕ ಒಬ್ಬನೇ ಕೂತು ಪಟ್ಟಿ ಸೀಳಿದ್ದಾನೆ, ಅವನನ್ನು ಹೇಗೆ ಬೈಯಲಿ? ಆದರೆ ಇನ್ನೊಂದು ಪ್ರಶ್ನೆ ಬಾಕಿ ಇತ್ತು.

"ಡಾಕ್ಟರಮ್ಮನ ಮನೆಯಲ್ಲಿ ನಾನು ಅವರ ಮೇಲೆ ತಪ್ಪು ಹೊರಿಸಿದಾಗ ನಿಮಗೆ ಗೊತ್ತಾಗಿತ್ತಾ?"

ಅಪ್ಪನ ಕೈ ಈಗ ನಿಂತಿತು. "ಆಗಿತ್ತು."

"ಮತ್ಯಾಕೆ ಬಾಯಿ ಬಿಡಲಿಲ್ಲ?"

ಅಪ್ಪ ಮುಚ್ಚಳದ ಮೇಲಿನ ಪುಡಿಯನ್ನು ಊದಿ, "ಅಪ್ಪನ ಮರ ಯಾವತ್ತಾದ್ರೂ ಕೈ ಕೊಟ್ಟಿದೆಯಾ ಅಂದ್ಯಲ್ಲ. ಅಷ್ಟು ಜನರ ಎದುರಿಗೆ ಅಂದೆ. ಕೇಳೋಕೆ ಚೆನ್ನಾಗಿತ್ತು ಮಗಾ" ಎಂದರು.

ಅಷ್ಟಕ್ಕೇ? ಆ ಒಂದು ಮಾತು ಚೆನ್ನಾಗಿತ್ತು ಎಂದು ನನ್ನ ಗಂಡ ಮನೆ ಬಿಟ್ಟು ಹೋಗುವುದನ್ನು ನೋಡುತ್ತ ಕೂತರಾ? ಚಹಾದ ಲೋಟ ಕೆನೆಗಟ್ಟುವುದನ್ನು ನೋಡುತ್ತ ಕೂತರಾ? ನನ್ನ ಅಪ್ಪ?

ಜೂನ್ ೩೦, ಮಂಗಳವಾರ

ಗ್ಯಾರೇಜಿನ ಹಿಂದೆ ಹೋದೆ. ಶೆಡ್ಡಿನಲ್ಲಿ ಒಂದು ಮಡಿಸುವ ಮಂಚ, ಒಂದು ಬಕೆಟ್ಟು, ತಗಡಿನ ಗೋಡೆಗೆ ಆನಿಸಿದ ಕಬ್ಬಿಣದ ಸರಳುಗಳು. ಇವರು ಯಾರದೋ ಗೇಟಿಗೆ ಬೆಸುಗೆ ಹಾಕುತ್ತಿದ್ದರು. ಮುಖಕ್ಕೆ ಹಿಡಿದ ಮುಸುಕು ತೆಗೆದರು. ಗಡ್ಡ ಬಂದಿದೆ, ಸೊರಗಿದ್ದಾರೆ. ನಾನು ಒಂದೇ ಉಸಿರಿಗೆ ಎಲ್ಲ ಒದರಿದೆ. ಪಟ್ಟಿ, ಅಂಟು, ಜ್ವರ, ಅಪ್ಪ.

ಇವರು ಆಶ್ಚರ್ಯಪಡಲಿಲ್ಲ. "ಗೊತ್ತು" ಎಂದರು.

"ಏನು ಗೊತ್ತು?"

"ಮೇಜು ಒಡೆದ ದಿನ ಚೂರು ಆರಿಸುವಾಗಲೇ ನೋಡಿದೆ."

ಆ ಬಕೆಟ್ಟನ್ನೇ ಬೋರಲು ಹಾಕಿ ಕೂತುಬಿಟ್ಟೆ. ಎಲ್ಲರಿಗೂ ಗೊತ್ತಿದೆ! ನಕ್ಷೆ ಬರೆದವಳೊಬ್ಬಳನ್ನು ಬಿಟ್ಟು ಎಲ್ಲರಿಗೂ! "ಮತ್ತೆ ಅಲ್ಲೇ ಹೇಳೋದಲ್ವಾ? ಬಾಯಲ್ಲಿ ಏನು ಇಟ್ಕೊಂಡಿದ್ರಿ?" ಎಂದು ಕೂಗಾಡಿದೆ.

ಇವರು ಕೂಗಲಿಲ್ಲ. "ನಾನು ಹೇಳಿದ್ರೆ ನೀನು ನಂಬ್ತಿದ್ಯಾ?" ಎಂದು ಕೇಳಿದರು.

ನಂಬುತ್ತಿದ್ದೆ ಎನ್ನಲು ಬಾಯಿ ತೆರೆದೆ. ಮುಚ್ಚಿದೆ. "ನೋಡಿದ್ಯಾ?" ಎಂದು ಇವರು ಮುಸುಕು ಹಾಕಿಕೊಂಡು ಬೆಸುಗೆಗೆ ಹೊರಳಿದರು. ಆ ಬೆಳಕನ್ನು ಬರಿಗಣ್ಣಿನಲ್ಲಿ ನೋಡುವ ಹಾಗಿಲ್ಲ, ಎದ್ದು ಬಂದೆ.

ಜುಲೈ ೨, ಗುರುವಾರ

ಅಪ್ಪನಿಗೆ ಹೇಳಿದೆ, ಡಾಕ್ಟರಮ್ಮನ ಕ್ಲಿನಿಕ್ಕಿಗೆ ಹೋಗೋಣ, ನಡೆದದ್ದನ್ನು ಹೇಳೋಣ. ಅಪ್ಪ ಮರು ಮಾತಾಡದೆ ಇಸ್ತ್ರಿ ಅಂಗಿ ಹಾಕಿಕೊಂಡರು. ದಾರಿಯುದ್ದಕ್ಕೂ ನನಗೆ ಧೈರ್ಯವಿತ್ತು. ಅಪ್ಪನೇ ಹೇಳುತ್ತಾರೆ, ನಾನು ಪಕ್ಕದಲ್ಲಿ ನಿಂತರೆ ಸಾಕು ಅಂದುಕೊಂಡಿದ್ದೆ.

ಡಾಕ್ಟರಮ್ಮನ ಬ್ಯಾಂಡೇಜು ಸಣ್ಣದಾಗಿದೆ. ಅಪ್ಪನನ್ನು ಕಂಡು ಎದ್ದು ನಿಂತರು. "ಬನ್ನಿ ಬನ್ನಿ. ನಿಮ್ಮ ಕೆತ್ತನೆಗೆ ಏನೂ ಆಗಲಿಲ್ಲವಲ್ಲ, ಅದೇ ಸಮಾಧಾನ. ಮರದ ಕೆಲಸ ಅಂದ್ರೆ ನಿಮ್ಮದಪ್ಪ. ಹಾಳು ಮಾಡಿದ್ದು ಆ ಕಬ್ಬಿಣದವನು."

ನಾನು ಅಪ್ಪನ ಕಡೆ ತಿರುಗಿದೆ. ಈಗ ಹೇಳುತ್ತಾರೆ, ಈಗ.

ಅಪ್ಪ ಮುಗುಳ್ನಕ್ಕರು. ಮುಗುಳ್ನಕ್ಕು ತಲೆಯಾಡಿಸಿದರು!

ಅಯ್ಯೋ, ಆ ತಲೆಯಾಡಿಸಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಒಂದು ದನಿ ಕೇಳಿಸಿತು, ಅದು ನನ್ನದೇ. "ಅಲ್ಲ ಡಾಕ್ಟರೇ. ನನ್ನ ಗಂಡನ ಅಳತೆ ಸರಿಯಾಗಿತ್ತು. ಸಂದು ತುಂಬಿದ್ದು ನಮ್ಮಪ್ಪ. ವಿಚಾರಿಸದೆ ಅವರ ಮೇಲೆ ಹೇಳಿದ್ದು ನಾನು." ಹೇಗೆ ತುಂಬಿದರು, ಯಾಕೆ ಒಡೆಯಿತು ಎಲ್ಲವನ್ನೂ ಅಲ್ಲೇ ಮೇಜಿನ ಮೇಲಿದ್ದ ಔಷಧಿ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದೆ. ಹೊರಗೆ ಹಲ್ಲುನೋವಿನವರೆಲ್ಲ ಕೆನ್ನೆ ಹಿಡಿದುಕೊಂಡು ಕೇಳುತ್ತಿದ್ದರು.

ಡಾಕ್ಟರಮ್ಮ ಒಮ್ಮೆ ಅಪ್ಪನನ್ನು, ಒಮ್ಮೆ ನನ್ನನ್ನು ನೋಡಿದರು. "ಅಂದ್ರೆ ಇಷ್ಟು ದಿನ ನಾನು ಬೈತಿದ್ದದ್ದು ಬೇರೆಯವನನ್ನಾ?" ಎಂದರು. ಅಪ್ಪನಿಗೆ, "ಹಲ್ಲಿಗೂ ಹೀಗೇ ರೀ ಯಜಮಾನ್ರೇ. ಅಂದ ಅಂತ ಜಾಸ್ತಿ ತುಂಬಿದ್ರೆ, ಕಚ್ಚಿದಾಗ ಹಲ್ಲೇ ಸೀಳುತ್ತೆ" ಎಂದರು. ಅಪ್ಪ ನೆಲ ನೋಡುತ್ತಿದ್ದರು. ಡಾಕ್ಟರಮ್ಮ ನನ್ನ ಕಡೆ ಎಡಗೈ ಚಾಚಿ, "ನಿನ್ನ ಗಂಡನ ನಂಬರ್ ಕೊಡು. ನಾನೇ ಮಾತಾಡ್ತೀನಿ" ಎಂದರು.

ಬರುವಾಗ ಅಪ್ಪ, "ನಾನೇ ಹೇಳೋನಿದ್ದೆ" ಎಂದರು.

"ಇಲ್ಲಪ್ಪ. ನೀವು ಹೇಳ್ತಿರಲಿಲ್ಲ" ಎಂದೆ.

ಜುಲೈ ೩, ಶುಕ್ರವಾರ

ಅಪ್ಪ ಅಂಗಡಿಗೆ ಬರಲಿಲ್ಲ. ನಾನೇ ಬಾಗಿಲು ತೆಗೆದೆ. ಪೆಟ್ಟಿಗೆ ಹೇಳಿದ್ದವರು ಬಂದರು, ನಾನೇ ಮಾತಾಡಿದೆ. ಡಾಕ್ಟರಮ್ಮನ ಹೊಸ ಮೇಜಿಗೆ ಹಲಗೆ ಆರಿಸಿದೆ. ಸಂದು ಈ ಸಲ ಇನ್ನೂ ಸ್ವಲ್ಪ ಅಗಲವೇ ಇರಲಿ, ಕಂಡರೆ ಕಾಣಲಿ. ಅಮ್ಮ ಊಟದ ಡಬ್ಬಿ ತಂದವಳು ನನ್ನನ್ನೇ ನೋಡುತ್ತ ನಿಂತಳು. "ಏನಮ್ಮ?" ಎಂದರೆ, "ಏನಿಲ್ಲ, ನಿಮ್ಮಪ್ಪನ ಸ್ಟೂಲಿನ ಮೇಲೆ ಕೂತಿದೀಯ" ಎಂದಳು. ಕೂತಿದ್ದೆನಂತೆ. ಗಮನಿಸಿರಲಿಲ್ಲ.

ಜುಲೈ ೫, ಭಾನುವಾರ

ಬೆಳಿಗ್ಗೆ ಎದ್ದಾಗ ಅಪ್ಪ ಮನೆಯಲ್ಲಿ ಇರಲಿಲ್ಲ. "ಅಂಗಡಿಯಿಂದ ಒಂದು ಹಲಗೆ ಹೊತ್ಕೊಂಡು ಹೋದ್ರು ಕಣೇ. ಎಲ್ಲಿಗೆ ಅಂದ್ರೆ, ಕೇಳೋಕೆ ಅಂದ್ರು. ಏನು ಕೇಳೋಕೆ ಅಂದ್ರೆ ಉತ್ತರ ಇಲ್ಲ" ಎಂದು ಅಮ್ಮ ಗಾಬರಿಯಲ್ಲಿದ್ದಳು. ನಾನು ಚಪ್ಪಲಿ ಮೆಟ್ಟಿ ಗ್ಯಾರೇಜಿನ ಕಡೆ ಓಡಿದೆ.

ಶೆಡ್ಡಿನ ಷಟರು ಅರ್ಧ ಇಳಿದಿತ್ತು. ಒಳಗೆ ಗ್ರೈಂಡರಿನ ಸದ್ದು. ಹೊರಗೆ ಮೆಟ್ಟಿಲ ಮೇಲೆ ಅಪ್ಪ, ತೊಡೆಯ ಮೇಲೆ ಹಲಗೆ. ಎಷ್ಟು ಹೊತ್ತಿನಿಂದ ಕೂತಿದ್ದರೋ. ನನ್ನನ್ನು ಕಂಡು, "ಬಂದ್ಯಾ, ಒಳ್ಳೇದಾಯ್ತು. ಒಳಗೆ ಹೋಗಿ ಕೇಳು, ಎಷ್ಟು ಸಂದು ಬಿಡಬೇಕು ಅಂತ" ಎಂದರು.

"ನೀವೇ ಕೇಳಿ ಅಪ್ಪ."

ಅಪ್ಪ ನನ್ನ ಮುಖ ನೋಡಿದರು. ನಾನು ಬಗ್ಗಲಿಲ್ಲ. ಕೊನೆಗೆ ಅವರೇ ಸೊಂಟ ಹಿಡಿದುಕೊಂಡು ಬಗ್ಗಿ, ಹಲಗೆಯ ಸಮೇತ ಷಟರಿನಡಿ ನುಸುಳಿದರು. ಗ್ರೈಂಡರು ನಿಂತಿತು.

"ತಪ್ಪು ನನ್ನದಪ್ಪಾ" ಎಂಬ ದನಿ ಕೇಳಿಸಿತು. ಅಪ್ಪನ ದನಿ! ಆ ಮಾತು ಆ ಬಾಯಿಂದ ಬಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ, ಅಮ್ಮನೂ ಕೇಳಿರಲಿಕ್ಕಿಲ್ಲ. "ಈಗ ಹೇಳು, ಎಷ್ಟು ಬಿಡಬೇಕು?"

ಇವರು ಏನೋ ಹೇಳಿದರು, ಕೇಳಿಸಲಿಲ್ಲ.

"ಅಷ್ಟೊಂದಾ?"

"ಅಷ್ಟು ಬೇಕು ಮಾವ."

"ಇಲಿ ಓಡಾಡುತ್ತೆ ಕಣಯ್ಯ ಅದರಲ್ಲಿ!"

ಇವರು ನಕ್ಕರು. ಆ ನಗು ಕೇಳಿ ಎಷ್ಟು ದಿನವಾಗಿತ್ತು! ಹಲಗೆಯನ್ನು ಬೆಂಚಿನ ಮೇಲೆ ಇಟ್ಟ ಸದ್ದು, ಟೇಪು ಎಳೆದ ಸದ್ದು, ಅಪ್ಪನ ಕೆಮ್ಮು. ನಾನೂ ಬಗ್ಗಿ ಒಳಗೆ ಕಾಲಿಡಲು ಹೋದೆ.

ಇವರು ನನ್ನನ್ನು ನೋಡಿದರು. ನಗು ಹೋಗಿತ್ತು. "ನೀನು ಹೊರಗೇ ಇರು, ಕಿಡಿ ಹಾರುತ್ತೆ" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಆದರೆ ಗ್ರೈಂಡರು ನಿಂತೇ ಇತ್ತು.

ಷಟರಿನ ಆಚೆ ಬಂದು ನಿಂತೆ. ಮುಚ್ಚಿಟ್ಟವರು ಒಳಗೆ, ಬಿಚ್ಚಿ ಹೇಳಿದವಳು ಹೊರಗೆ, ಇದು ಯಾವ ನ್ಯಾಯ ಎಂದು ಕೂಗಬೇಕೆನ್ನಿಸಿತು. ಕೂಗಲಿಲ್ಲ. ಅಪ್ಪ ಇವರಿಗೆ ಬರೀ ಮಾವ, ಆ ಮಾವನಿಂದ ಇವರು ಹೆಚ್ಚೇನೂ ಬಯಸಿರಲಿಲ್ಲ. ನಾನು ಹೆಂಡತಿ. "ನನ್ನ ಅಳತೆ ತಪ್ಪಿಲ್ಲ" ಎಂದು ಅವತ್ತು ಇವರು ಹೇಳಿದ್ದು ನನಗೆ, ನಂಬದೆ ಹೋದವಳು ನಾನು.

ಒಳಗೆ ಅವರಿಬ್ಬರ ವಾದ ಮತ್ತೆ ಶುರುವಾಯಿತು. ಬಿಸಿಲೇರುವವರೆಗೆ ಮೆಟ್ಟಿಲ ಮೇಲೆ ಕೂತಿದ್ದು ಬಂದೆ. ನಾಳೆಯೂ ಹೋಗುತ್ತೇನೆ.